ಆಸೆಯೂ ಪ್ರಾಮಾಣಿಕತೆಯೂ

ಮನುಷ್ಯರಲ್ಲಿ ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಬಗೆಯವರಿದ್ದಾರೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಮೋಸಮಾಡುವವನು ಬೇರೆ, ನಾವು ಬೇರೆ. ಈ ತಿಳಿವಳಿಕೆಯಿಂದ ಮನಸ್ಸಿಗೆ ಸಮಾಧಾನವುಂಟು. ಆದರೆ ವಿಷಯವನ್ನು ಕೊಂಚ ಬಿಡಿಸಿ ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಸುಳ್ಳಾಡಬಾರದೆಂದು ಮನೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಗೃಹಸ್ಥನೇ ಮಂಡಿಗೆ ಹೋದಾಗ ಬೇರೊಂದು ಮಾತಾಡುವುದನ್ನು ಕಾಣುತ್ತೇವೆ. ಮನೆಯಲ್ಲಿ ಆಡಿದ ಮಾತು ಕಪಟವಲ್ಲ. ಅದನ್ನು ಆತನು ಮನಸಾರೆ ಆಡಿದ್ದನು. ಹಾಗಾದರೆ ನಡುವೆ ಏನು ನಡೆಯಿತು? ಆಸೆಯೆಂಬುದು ಸತ್ಯವಂತನೊಳಗೆ ಹೊಕ್ಕು ಮಾಡುವ ಕೆಲಸವೇನು? ಇದೇ ಈ ಹೊತ್ತಿನ ವಿಚಾರ.

ಹಾಸನದ ಸೀಮೆಯ ನಿತ್ಯದ ವ್ಯವಹಾರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸನದ ಸುತ್ತಿನ ರೈತರು ಮುಂಗಾರಿನ ಮಳೆಗೆ ಆಲೂಗೆಡ್ಡೆಯನ್ನು ನೆಡುತ್ತಾರೆ. ಬಿತ್ತನೆಯ ಗೆಡ್ಡೆ ದೂರದ ಪಂಜಾಬಿನ ಜಲಂಧರದಿಂದ ಬರುತ್ತದೆ. ಮೂಟೆಯಲ್ಲಿರುವುದು ನಿಜವಾಗಿಯೂ ಬಿತ್ತನೆಗೆ ತಕ್ಕುದೋ ಅಲ್ಲವೋ ಎಂಬುದು, ಗಿಡವೆದ್ದು ನಿಲ್ಲುವವರೆಗೆ ಕೊಂಡವನಿಗೆ ತಿಳಿಯದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುತ್ತದೆ. ಕಟ್ಟಿನ ಹೊರಮೈಗೆ ಹೊಂಬಣ್ಣದ ಎಲೆ, ಒಳಗೆ ಕಂದಿದ ಎಲೆ. ಹೀಗೆ ಜೋಡಿಸುವುದಕ್ಕೆ ಹೆಚ್ಚು ಜಾಣತನ ಬೇಕಿಲ್ಲ. ಚನ್ನರಾಯಪಟ್ಟಣದ ತೋಟದವರು ತೆಂಗಿನಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿಯನ್ನು ಮಾಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಿ ತಿರುಳು ಚಿಪ್ಪನ್ನು ಬಿಡಬೇಕು. ಅದಕ್ಕೆ ತಾಳ್ಮೆಯೊಂದೇ ಸಾಧನ. ಆದರೆ ಬೆಲೆಯೇರಿತೆಂಬ ಸುದ್ದಿ ಬಂದ ದಿನ, ಇನ್ನೂ ಹಸಿಯಾಗಿರುವ ಕೊಬ್ಬರಿಯೂ ಒಣಗಿದಂತೆಯೇ ತೋರತೊಡಗುತ್ತದೆ. ಹೊಳೆನರಸೀಪುರದ ಕಡೆಯಲ್ಲಿ ಹೇಮಾವತಿಯ ನಾಲೆಯ ನೀರು ಗದ್ದೆಯಿಂದ ಗದ್ದೆಗೆ ಸರದಿಯಂತೆ ಹರಿಯಬೇಕು. ಮೇಲಿನ ಗದ್ದೆಯವನ ಕಣ್ಣಿಗೆ ತನ್ನ ಪೈರು ಬಾಡಿದಂತೆಯೂ, ಕೆಳಗಿನವನ ಪೈರು ಇನ್ನೆರಡು ದಿನ ತಡೆಯುವಂತೆಯೂ ಕಾಣುವುದು ಸಹಜ.

ಇವು ಈ ನಾಲ್ಕು ತಾಲ್ಲೂಕುಗಳಿಗೇ ವಿಶೇಷವಾದ ದೋಷಗಳೆಂದು ಯಾರೂ ತಿಳಿಯಬಾರದು. ವ್ಯಾಪಾರವಿರುವ ಕಡೆಯೆಲ್ಲ ಇವುಂಟು. ಇವುಗಳಿಗೆ ಒಳಗಾಗದೆ ಬಾಳಿದವರೂ ಎಲ್ಲ ಊರುಗಳಲ್ಲಿ ಉಂಟು. ಇಲ್ಲಿ ಗಮನಿಸಬೇಕಾದುದು ಕೊಬ್ಬರಿಯ ಮತ್ತು ನೀರಿನ ದೃಷ್ಟಾಂತಗಳನ್ನು. ತೋಟದವನು ಇನ್ನೂ ಯಾರೊಡನೆಯೂ ಸುಳ್ಳಾಡಿಲ್ಲ. ಆದರೂ ಕೊಬ್ಬರಿ ಒಣಗಿದಂತೆ ಅವನಿಗೆ ಕಂಡಿದೆ. ಆಸೆಯು ನಾಲಗೆಯನ್ನು ಕೆಡಿಸುವ ಮೊದಲು ಕಣ್ಣನ್ನು ಕೆಡಿಸುತ್ತದೆ. ಕಣ್ಣು ಕೆಟ್ಟಮೇಲೆ ನಾಲಗೆಗೆ ಸುಳ್ಳಾಡುವ ಶ್ರಮವೇ ಇರುವುದಿಲ್ಲ. ತನಗೆ ಕಂಡದ್ದನ್ನು ಅದು ಹೇಳಿದರೆ ಸಾಕು.

ಆಸೆಯ ಎರಡನೆಯ ಕೆಲಸವೆಂದರೆ ಹೆಸರುಗಳನ್ನು ಬದಲಾಯಿಸುವುದು. ಬೇರೆಯವನು ತೂಕದಲ್ಲಿ ಕಡಮೆ ಕೊಟ್ಟರೆ ಅದು ಮೋಸ. ನಾವು ಕೊಟ್ಟರೆ ಅದು ವ್ಯಾಪಾರದ ರೂಢಿ. ಬೇರೆಯವನು ಸಾಲವನ್ನು ಮರೆತರೆ ಅದು ಕೃತಘ್ನತೆ. ನಾವು ಮರೆತರೆ ಕೆಲಸದ ಒತ್ತಡ. ಮೂರನೆಯ ಕೆಲಸವೆಂದರೆ ಕಾಲವನ್ನು ಮುಂದಕ್ಕೆ ತಳ್ಳುವುದು. ‘ಇದೊಂದು ಸಲ’ ಎಂದು ಅದು ಹೇಳುತ್ತದೆ. ಮನಸ್ಸೆಂಬ ನ್ಯಾಯಸ್ಥಾನದಲ್ಲಿ ಆಸೆಯು ಒಬ್ಬ ವಾದಿ. ವಾದಿಗೆ ಮಾತಾಡುವ ಹಕ್ಕುಂಟು. ಅವನು ಮೆಲ್ಲನೆ ಎದ್ದು ನ್ಯಾಯಾಧೀಶರ ಪೀಠದಲ್ಲಿ ಕುಳಿತಾಗ ಮಾತ್ರ ಕೇಡು.

ಈ ಸೂಕ್ಷ್ಮವನ್ನು ಬಹು ಹಿಂದೆಯೇ ಬಲ್ಲ ಒಂದು ಪರಂಪರೆ ಈ ಸೀಮೆಯಲ್ಲಿಯೇ ನೆಲೆಗೊಂಡಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಜೈನರ ಪುಣ್ಯಕ್ಷೇತ್ರ. ಜೈನರಿಗೆ ಮಾನ್ಯವಾದ ತತ್ತ್ವಾರ್ಥಸೂತ್ರವು ಸತ್ಯವ್ರತವನ್ನು ಕಾಪಾಡಿಕೊಳ್ಳುವ ಉಪಾಯಗಳನ್ನು ಹೇಳುವಾಗ ಕೋಪ, ಲೋಭ, ಭಯ, ಪರಿಹಾಸ ಈ ನಾಲ್ಕನ್ನೂ ಬಿಟ್ಟು, ವಿಚಾರಮಾಡಿ ಮಾತಾಡಬೇಕೆಂದು ವಿಧಿಸುತ್ತದೆ. ಸುಳ್ಳನ್ನು ಬಿಡು ಎನ್ನುವುದರೊಡನೆ, ಸುಳ್ಳು ಹೊರಡುವ ಬಾಗಿಲುಗಳನ್ನೂ ಅದು ತೋರಿಸಿಕೊಟ್ಟಿದೆ. ಕಳವಿನ ದೋಷಗಳನ್ನು ಎಣಿಸುವಾಗ ಕದ್ದ ಮಾಲನ್ನು ಕೊಳ್ಳುವುದು, ಸುಳ್ಳು ತೂಕ ಅಳತೆಗಳನ್ನು ಬಳಸುವುದು, ಕಲಬೆರಕೆ ಮಾಡುವುದು ಇವುಗಳನ್ನೂ ಸೇರಿಸಿದೆ. ಗೋಡೆಗೆ ಕನ್ನ ಕೊರೆದರೆ ಮಾತ್ರ ಕಳವೆಂದು ತಿಳಿದವರಿಗೆ ಇದು ಎಚ್ಚರಿಕೆ.

ಇವೆಲ್ಲಕ್ಕಿಂತ ನವುರಾದುದು ನ್ಯಾಸಾಪಹಾರವೆಂಬ ದೋಷ. ಒಬ್ಬನು ತನ್ನ ಹೊನ್ನನ್ನು ಇನ್ನೊಬ್ಬನ ಬಳಿ ಇಟ್ಟಿದ್ದಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು, ಕಡಮೆ ಲೆಕ್ಕವನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಕೊಟ್ಟುಬಿಡುತ್ತಾನೆ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಈ ದೋಷವನ್ನು ಹೀಗೆಯೇ ವಿವರಿಸಿದ್ದಾರೆ. ಇಲ್ಲಿ ಕೈಹಾಕಿ ಕಿತ್ತುಕೊಂಡದ್ದಿಲ್ಲ, ಕೇಳಿದಷ್ಟನ್ನು ಕೊಟ್ಟದ್ದಾಯಿತು. ಸಾಕ್ಷಿಯಿಲ್ಲ, ಪತ್ರವಿಲ್ಲ, ದೂರುವವನಿಲ್ಲ. ಆದರೂ ಶಾಸ್ತ್ರಕಾರರು ಇದನ್ನು ಸತ್ಯವ್ರತಕ್ಕೆ ಭಂಗ ತರುವ ದೋಷವೆಂದೇ ಗಣಿಸಿದರು. ಆಸೆಯ ಪರೀಕ್ಷೆ ನಡೆಯುವುದು ಇಂತಹ ಗಳಿಗೆಯಲ್ಲಿ. ಇನ್ನೊಬ್ಬನ ಮರೆವು ನಮಗೆ ಲಾಭವಾಗಿ ಕಂಡಿತೋ, ನಮ್ಮ ಹೊಣೆಯಾಗಿ ಕಂಡಿತೋ?

ಒಪ್ಪಿಸಿದ ಸೊತ್ತಿನ ಈ ಪ್ರಶ್ನೆಯು ಅದೇ ಶ್ರವಣಬೆಳಗೊಳದಲ್ಲಿ ಒಮ್ಮೆ ನಿಜವಾಗಿಯೇ ಎದ್ದಿತು. ಗೊಮ್ಮಟಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಗಳನ್ನು ಸ್ಥಾನಿಕರು ತಮ್ಮ ಕಷ್ಟಕಾಲದಲ್ಲಿ ವರ್ತಕರಿಗೆ ಭೋಗ್ಯಕ್ಕೆ ಹಾಕಿದ್ದರು. ವರ್ತಕರು ಬಹುಕಾಲ ಅವನ್ನು ಅನುಭವಿಸುತ್ತ ಬಂದರು. ೧೬೩೪ನೆಯ ಇಸವಿಯಲ್ಲಿ ಮೈಸೂರಿನ ದೊರೆ ಚಾಮರಾಜ ಒಡೆಯರು ಇದನ್ನು ವಿಚಾರಿಸಿ, ಸಾಲಕೊಟ್ಟವರನ್ನು ಕರೆಸಿ, ಆ ಸಾಲವನ್ನು ತಾವೇ ತೀರಿಸಿಕೊಡುವುದಾಗಿ ಹೇಳಿದರು. ಆಗ ವರ್ತಕರು ಹಣವನ್ನು ಕೇಳದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ದೇವರ ಮತ್ತು ಗುರುಗಳಾದ ಚಾರುಕೀರ್ತಿ ಪಂಡಿತರ ಸಮ್ಮುಖದಲ್ಲಿ ಭೂಮಿಗಳನ್ನು ಬಿಟ್ಟುಕೊಟ್ಟರೆಂದು ಶಾಸನವು ತಿಳಿಸುತ್ತದೆ.

ಈ ಪ್ರಸಂಗದಲ್ಲಿ ಖಳರು ಯಾರೂ ಇಲ್ಲ. ಸ್ಥಾನಿಕರಿಗೆ ಇದ್ದುದು ಕಷ್ಟ. ವರ್ತಕರ ಕೈಯಲ್ಲಿ ಇದ್ದುದು ಪತ್ರ. ಆದರೂ ದೇವರದೆಂದು ಒಪ್ಪಿಸಿದ ಸೊತ್ತು ಮನುಷ್ಯರ ಕೈಯಿಂದ ಕೈಗೆ ದಾಟಿಹೋಗಿತ್ತು. ಕಷ್ಟವೂ ಆಸೆಯಂತೆಯೇ ಕಣ್ಣಿಗೆ ಮಂಜು ಕವಿಸಬಲ್ಲುದು. ಕಾಗದದ ಮೇಲೆ ಸರಿಯಾದುದೆಲ್ಲ ನ್ಯಾಯವೆಂದು ನಂಬಿಸಬಲ್ಲುದು. ಅಂದಿನವರು ವರ್ತಕರ ಔದಾರ್ಯವನ್ನು ಕೊಂಡಾಡಿ ಸುಮ್ಮನಾಗಲಿಲ್ಲ. ಮುಂದೆ ದೇವರ ಭೂಮಿಯನ್ನು ಅಡವಿಡುವವರೂ ಅದನ್ನು ಅಡವು ಹಿಡಿಯುವವರೂ ಧರ್ಮಕ್ಕೆ ಹೊರಗಾದವರೆಂದು ಕಲ್ಲಿನಲ್ಲಿ ಬರೆಯಿಸಿದರು. ಇಬ್ಬರನ್ನೂ ಹೆಸರಿಸಿದುದು ವಿವೇಕ. ಕೊಳ್ಳುವ ಆಸೆಯಿಲ್ಲದಿದ್ದರೆ ಮಾರುವ ಆಸೆ ಎಷ್ಟು ದೂರ ಹೋದೀತು?

ಆಸೆಯೆಂದರೆ ಹಣದಾಸೆಯೊಂದೇ ಅಲ್ಲ. ಕೀರ್ತಿಯ ಆಸೆಯೂ ಲೆಕ್ಕವನ್ನು ತಪ್ಪಿಸುತ್ತದೆ. ಸುಮಾರು ೯೮೧ರಲ್ಲಿ ಗೊಮ್ಮಟನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ತನ್ನ ಕಾರ್ಯದ ಹೆಮ್ಮೆ ತಲೆಗೇರಿತೆಂದೂ, ಅವನ ಕೊಡಗಟ್ಟಲೆ ಹಾಲು ಮೂರ್ತಿಯನ್ನು ಪೂರ್ತಿಯಾಗಿ ನೆನೆಸದೆಹೋಗಲು, ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಅಡಿಯವರೆಗೆ ಹರಿಯಿತೆಂದೂ ಐತಿಹ್ಯವಿದೆ. ದೊಡ್ಡ ಕೆಲಸ ಮಾಡಿದವನು ಅದರಲ್ಲಿ ಇತರರ ಪಾಲನ್ನು ಮರೆಯುವುದು ಸುಲಭ. ಆ ಮರೆವೂ ಒಂದು ಬಗೆಯ ಸುಳ್ಳು ಲೆಕ್ಕವೇ. ಗುಳ್ಳಕಾಯಜ್ಜಿಯ ಪ್ರತಿಮೆಯು ಇಂದಿಗೂ ಸ್ವಾಮಿಯ ಎದುರಿನಲ್ಲಿ ನಿಂತಿದೆ.

ಹಾಗಾದರೆ ಆಸೆಯನ್ನೇ ತೊರೆಯಬೇಕೆ? ಸಂನ್ಯಾಸಿಗೆ ಅದು ಸಾಧ್ಯವಾಗಬಹುದು. ಗೃಹಸ್ಥನು ಆಸೆಯಿಲ್ಲದೆ ಬೀಜವನ್ನು ಬಿತ್ತಲಾರ, ಮಗಳ ಮದುವೆಯನ್ನು ಮಾಡಲಾರ. ಇದನ್ನರಿತೇ ಜೈನ ಶಾಸ್ತ್ರಕಾರರು ಗೃಹಸ್ಥನಿಗೆ ಪೂರ್ಣ ಅಪರಿಗ್ರಹವನ್ನು ವಿಧಿಸದೆ ಪರಿಗ್ರಹಪರಿಮಾಣವನ್ನು ವಿಧಿಸಿದರು. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ ಇವು ತನಗೆ ಇಷ್ಟು ಸಾಕೆಂದು ಅವನೇ ಎಲ್ಲೆಯನ್ನು ಕಟ್ಟಿಕೊಳ್ಳಬೇಕು. ಇದರ ಗುಟ್ಟಿರುವುದು ಕಾಲದಲ್ಲಿ. ಆಸೆ ಬರುವುದಕ್ಕೆ ಮುಂಚೆ ಹಾಕಿದ ಗೆರೆಯು ಗೆರೆಯಾಗಿ ಉಳಿಯುತ್ತದೆ. ಬಂದಮೇಲೆ ಹಾಕಿದ ಗೆರೆಯನ್ನು ಆಸೆಯೇ ಎಳೆದಿರುತ್ತದೆ.

ಎರಡನೆಯ ಉಪಾಯವು ಅಳತೆಯನ್ನು ನಮ್ಮ ಕೈಯಿಂದ ಬೇರೊಬ್ಬರ ಕೈಗೆ ಕೊಡುವುದು. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಆದ ವಿವಾದವನ್ನು ತೀರಿಸಿದಾಗ, ಬೆಳಗೊಳದ ದೇವರ ಕಾವಲಿಗಾಗಿ ಜೈನರು ವರ್ಷಕ್ಕೆ ಮನೆಗೊಂದು ಹಣವನ್ನು ಕೊಡುವಂತೆ ಏರ್ಪಾಡಾಯಿತು. ಆ ಹಣದ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯ, ಎಂದರೆ ವೈಷ್ಣವರ ಕಡೆಯವನು. ಇಪ್ಪತ್ತು ಮಂದಿ ಕಾವಲುಗಾರರಿಗೆ ಕೊಟ್ಟು ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬುದನ್ನೂ ಶಾಸನದಲ್ಲಿ ಬರೆದರು. ಮಿಕ್ಕ ಹಣಕ್ಕೂ ಮೊದಲೇ ದಾರಿ ತೋರಿಸಿದುದು ದೂರದೃಷ್ಟಿ. ಆಸೆಯು ನುಸುಳುವುದು ಸಾಮಾನ್ಯವಾಗಿ ಮಿಕ್ಕ ಹಣದ ಮಾರ್ಗವಾಗಿಯೇ. ಇಂದಿನ ಹರಾಜು ಕಟ್ಟೆ, ಮುದ್ರೆಯೊತ್ತಿದ ತೂಕದ ಬಟ್ಟು, ಲೆಕ್ಕತಪಾಸಣೆ ಇವುಗಳ ಹಿಂದಿರುವುದೂ ಇದೇ ತತ್ತ್ವ. ತನ್ನ ಮಾಲಿಗೆ ತಾನೇ ತಕ್ಕಡಿ ಹಿಡಿಯುವವನು ಎಷ್ಟು ಒಳ್ಳೆಯವನಾದರೂ ಅವನ ಕೈ ಒಂದಿಷ್ಟು ವಾಲುತ್ತದೆ.

ಆದರೆ ಕಲ್ಲು, ಕಾನೂನು, ತಕ್ಕಡಿಗಳು ತಲಪುವ ಎಲ್ಲೆಯೊಂದಿದೆ. ಮರೆತು ಕಡಮೆ ಕೇಳಿದವನ ಮುಂದೆ ನಿಂತಿರುವಾಗ ಅಲ್ಲಿ ಯಾವ ತನಿಖೆಯವರೂ ಇರುವುದಿಲ್ಲ. ಅಂತಹ ಹೊತ್ತಿಗೆ ಒಂದು ಸರಳವಾದ ಪರೀಕ್ಷೆ ಸಾಕು. ಈ ಲಾಭವು ನನಗಲ್ಲದೆ ನನ್ನ ನೆರೆಯವನಿಗೆ ಆಗುತ್ತಿದ್ದರೆ, ಈ ನಡೆಯನ್ನು ನಾನು ಯಾವ ಹೆಸರಿನಿಂದ ಕರೆಯುತ್ತಿದ್ದೆ? ಆ ಹೆಸರು ಮನಸ್ಸಿಗೆ ಬಂದೊಡನೆ, ಉಳಿದ ಹೊನ್ನನ್ನು ಎಣಿಸಿ ಅವನ ಕೈಗೆ ಹಾಕುವುದೊಂದೇ ಉಳಿದ ಕೆಲಸ.