ಎಲ್ಲವೂ ಮೂಲವ್ಯಾಧಿ ಅಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಗುದದ್ವಾರದ ಯಾವ ತೊಂದರೆಗೂ ಒಂದೇ ಹೆಸರು: ಮೂಲವ್ಯಾಧಿ. ‘ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ’ ಅನ್ನೋ ಬೋರ್ಡುಗಳು ಬದುಕಿರೋದೇ ಈ ಒಂದು ಹೆಸರಿನ ಮೇಲೆ. ನನ್ನ ತಕರಾರು ಅಲ್ಲಿಂದಲೇ ಶುರು.

ಮೂಲವ್ಯಾಧಿ ಅಂದ್ರೆ ಊದಿಕೊಂಡ ರಕ್ತನಾಳ. ಹೆಚ್ಚಾಗಿ ನೋವಿಲ್ಲದೆ ರಕ್ತ ಹೋಗುತ್ತೆ. ಶೌಚದ ವೇಳೆ ಕೊಯ್ದಂತೆ ನೋವಾದರೆ ಫಿಶರ್, ಅಂದ್ರೆ ಬಿರುಕು ಇರಬಹುದು. ಪಕ್ಕದಲ್ಲಿ ಗುಳ್ಳೆ ಒಡೆದು ಕೀವು ಸೋರುತ್ತಲೇ ಇದ್ದರೆ ಭಗಂದರ ಇರಬಹುದು. ಅದು ಮತ್ತೆ ಮತ್ತೆ ಬಂದು, ಜೊತೆಗೆ ಭೇದಿ, ಹೊಟ್ಟೆನೋವು, ತೂಕ ಇಳಿಕೆಯೂ ಇದ್ದರೆ ಕ್ರೋನ್ಸ್ ಕಾಯಿಲೆಯನ್ನು ಶಂಕಿಸಬೇಕು.

ಕರುಳಿನ ಕ್ಷಯವೂ ಹೀಗೇ ಕಾಣುತ್ತೆ. ಕ್ರೋನ್ಸ್‌ಗೆ ಕೊಡುವ ಇನ್‌ಫ್ಲಿಕ್ಸಿಮಾಬ್ ಅಡಗಿರುವ ಕ್ಷಯವನ್ನು ಕೆರಳಿಸಬಹುದು. ಅದಕ್ಕೇ ಮೊದಲು ಕೊಲೊನೋಸ್ಕೋಪಿ, ಬಯಾಪ್ಸಿ, ಎಂಆರ್‌ಐ ಬೇಕು. ಕ್ರೋನ್ಸ್ ಇರುವಾಗ ಸುಮ್ಮನೆ ಕೊಯ್ದರೆ ಗಾಯ ಮಾಯದೆ, ಮಲ ತಡೆಯುವ ಸ್ನಾಯುವೇ ಹಾಳಾಗಬಹುದು. ಆದ್ದರಿಂದ ಸಾಮಾನ್ಯವಾಗಿ ಕೀವು ತೆಗೆದು, ಸೀಟನ್ ದಾರ ಹಾಕಿ, ಆಮೇಲೆ ಔಷಧಿ ಕೊಡ್ತಾರೆ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ. ಆ ಬೋರ್ಡಿನ ಹಿಂದೆ ನೋಂದಣಿ ಇದೆಯಾ ಅಂತ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳೋದೂ ರಾಜಕಾರಣವೇ. ನಾವು ನಾಚಿಕೊಂಡು ಸುಮ್ಮನಿದ್ದಷ್ಟು ದಿನ ಅವರ ಅಂಗಡಿ ನಡೀತಾನೇ ಇರುತ್ತೆ.