ಪ್ರಶ್ನೆಪತ್ರಿಕೆಯ ಬಲಗಡೆ ಅಂಚಿನಲ್ಲಿ ಏನಿದೆ?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು. ಹಾಗಾಗಿ ಈ ಲೇಖನದಲ್ಲಿ ಇಂಗ್ಲಿಷ್ ಪದಗಳು ಬೇಕಾದಷ್ಟು ಬರ್ತವೆ, ತಪ್ಪುಗಳೂ ಇರಬಹುದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಈಗ ವಿಷಯಕ್ಕೆ ಬರೋಣ. ನಮ್ಮ ವಿಟಿಯು ಪ್ರಶ್ನೆಪತ್ರಿಕೆಯನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಪ್ರಶ್ನೆಯ ಬಲಗಡೆ ಮೂರು ಚಿಕ್ಕ ಕಾಲಂಗಳು ಇರುತ್ತವೆ: ಎಂ, ಎಲ್, ಸಿ. ಎಂ ಅಂದ್ರೆ ಮಾರ್ಕ್ಸ್. ಅದನ್ನ ಎಲ್ಲರೂ ನೋಡ್ತೀವಿ. ಅದರ ಪಕ್ಕದಲ್ಲಿ ಎಲ್2, ಎಲ್3, ಸಿಒ1, ಸಿಒ4 ಅಂತ ಇರೋದನ್ನ ಮೂರು ಸೆಮಿಸ್ಟರ್ ನಾನು ಒಂದು ಸಲವೂ ಓದಿರಲಿಲ್ಲ. ಅದೆಲ್ಲ ಕಾಲೇಜಿನವರ ಫೈಲ್ ಕೆಲಸಕ್ಕೆ ಅಂದ್ಕೊಂಡಿದ್ದೆ. ಒಂದು ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಪೇಚಿಗೆ ಸಿಕ್ಕಿದ ಮೇಲೆ ಅದೇನು ಅಂತ ಕೂತು ಓದಿದೆ. ಓದಿದ್ದನ್ನ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಲೇಖನ.

ಆ ದಿನ ಆಗಿದ್ದು

ನಾನು ಎಲೆಕ್ಟ್ರಾನಿಕ್ಸ್ ಬ್ರಾಂಚ್. ಮೂರನೇ ಸೆಮ್ ಮುಗಿದ ರಜೆಯಲ್ಲಿ ಒಂದು ಚಿಕ್ಕ ಕಂಪನಿಗೆ ಇಂಟರ್ನ್‌ಶಿಪ್ ಕೇಳಿಕೊಂಡು ಹೋಗಿದ್ದೆ. ಕೋಡಿಂಗ್ ಕೇಳ್ತಾರೆ, ಆಪ್ಟಿಟ್ಯೂಡ್ ಕೇಳ್ತಾರೆ ಅಂತ ರಾತ್ರಿಯೆಲ್ಲ ಓದಿದ್ದೆ. ಎದುರಿಗೆ ಕೂತಿದ್ದ ಎಂಜಿನಿಯರ್ ನನ್ನ ಫೈಲ್‌ನಲ್ಲಿದ್ದ ಲ್ಯಾಬ್ ರೆಕಾರ್ಡ್ ತೆಗೆದು ನೋಡಿದ್ರು. ಆರ್‌ಸಿ ಲೋ ಪಾಸ್ ಫಿಲ್ಟರ್ ಪ್ರಯೋಗ. ರೆಸಿಸ್ಟರ್ 1.5 ಕಿಲೋ ಓಮ್, ಕೆಪಾಸಿಟರ್ 0.1 ಮೈಕ್ರೋಫ್ಯಾರಡ್. ಕಟ್‌ಆಫ್ ಫ್ರೀಕ್ವೆನ್ಸಿ ಥಿಯರಿ ಪ್ರಕಾರ 1061 ಹರ್ಟ್ಜ್. ನಾನು ಲ್ಯಾಬಲ್ಲಿ ಅಳೆದದ್ದು ಅಂತ ಬರೆದಿದ್ದು 1060.

"ನಿಮ್ಮ ಕೆಪಾಸಿಟರ್ ಟಾಲರೆನ್ಸ್ ಎಷ್ಟು?" ಅಂತ ಕೇಳಿದ್ರು. ಗೊತ್ತಿರಲಿಲ್ಲ. "ಇಷ್ಟು ಕರೆಕ್ಟಾಗಿ ಹೇಗೆ ಬಂತು?" ಅಂದ್ರು. ನಾನು ಸುಮ್ಮನೆ ಕೂತೆ. ಯಾಕಂದ್ರೆ ಅದು ಬಂದೇ ಇರಲಿಲ್ಲ. ಆ ದಿನ ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ, ಸರ್ಕ್ಯೂಟ್ ಕನೆಕ್ಟ್ ಮಾಡಿದ್ದು ಒಬ್ಬ, ರೀಡಿಂಗ್ ಬರೆದದ್ದು ಸೀನಿಯರ್ ರೆಕಾರ್ಡ್ ನೋಡಿಕೊಂಡು. ಅವರು ಬೈಯಲಿಲ್ಲ. ರೆಕಾರ್ಡ್ ಮುಚ್ಚಿ ವಾಪಸ್ ಕೊಟ್ಟು, "ಮುಂದಿನ ವರ್ಷ ಬನ್ನಿ" ಅಂದ್ರು.

ಬಸ್ಸಲ್ಲಿ ಬರ್ತಾ ನನಗೆ ಹೊಳೆದದ್ದು ಒಂದೇ. ಅವರು ಸಿಲಬಸ್ ಬಿಟ್ಟು ಏನೂ ಕೇಳಿರಲಿಲ್ಲ. ನಾನೇ ಬರೆದು, ಸೈನ್ ಹಾಕಿಸಿಕೊಂಡು, ಮಾರ್ಕ್ಸ್ ತಗೊಂಡ ಪ್ರಯೋಗದ ಬಗ್ಗೆನೇ ಕೇಳಿದ್ದು.

ಎಲ್ ಅಂದ್ರೆ ಏನು?

ಎಲ್ ಅಂದ್ರೆ ಲೆವೆಲ್. ಬೆಂಜಮಿನ್ ಬ್ಲೂಮ್ ಅನ್ನೋ ಅಮೆರಿಕದ ಶಿಕ್ಷಣ ತಜ್ಞರು ಮತ್ತು ಅವರ ಜೊತೆಗಾರರು 1956ರಲ್ಲಿ, ಕಲಿಕೆಯನ್ನ ಮೆಟ್ಟಿಲುಗಳ ಥರ ಜೋಡಿಸಿ ಒಂದು ಪುಸ್ತಕ ತಂದ್ರು. 2001ರಲ್ಲಿ ಅದನ್ನ ಬೇರೆ ತಜ್ಞರು ಪರಿಷ್ಕರಿಸಿದ್ರು. ಈಗ ನಾವು ಬಳಸೋ ಆರು ಮೆಟ್ಟಿಲುಗಳು ಇವು: ನೆನಪಿಡೋದು, ಅರ್ಥ ಮಾಡಿಕೊಳ್ಳೋದು, ಅನ್ವಯಿಸೋದು, ವಿಶ್ಲೇಷಿಸೋದು, ಬೆಲೆ ಕಟ್ಟೋದು, ಹೊಸದಾಗಿ ರಚಿಸೋದು. ಎಲ್1ರಿಂದ ಎಲ್6.

ನನ್ನನ್ನ ಪೇಚಿಗೆ ಸಿಕ್ಕಿಸಿದ ಅದೇ ಫಿಲ್ಟರನ್ನ ಈ ಮೆಟ್ಟಿಲುಗಳ ಮೇಲೆ ಹತ್ತಿಸಿ ನೋಡೋಣ. ಬೇರೆ ಬ್ರಾಂಚಿನವರು ಹೆದರಬೇಡಿ, ಲೆಕ್ಕ ಸುಲಭ ಇದೆ.

ಎಲ್1: ಕಟ್‌ಆಫ್ ಫಾರ್ಮುಲಾ ಹೇಳಿ. 1 ಅನ್ನು 2 × ಪೈ × ಆರ್ × ಸಿ ಇಂದ ಭಾಗಿಸಬೇಕು. ಮುಗೀತು.

ಎಲ್2: ಹೈ ಫ್ರೀಕ್ವೆನ್ಸಿ ಯಾಕೆ ಪಾಸ್ ಆಗಲ್ಲ? ಫ್ರೀಕ್ವೆನ್ಸಿ ಜಾಸ್ತಿ ಆದ ಹಾಗೆ ಕೆಪಾಸಿಟರಿನ ರಿಯಾಕ್ಟೆನ್ಸ್ ಕಮ್ಮಿ ಆಗುತ್ತೆ. ಅದರ ಎರಡು ತುದಿಗಳ ನಡುವೆ ನಾವು ಔಟ್‌ಪುಟ್ ತಗೊಳ್ತಿರೋದ್ರಿಂದ ಅಲ್ಲಿನ ವೋಲ್ಟೇಜ್ ಇಳಿಯುತ್ತೆ. ಕಟ್‌ಆಫ್‌ನಲ್ಲಿ ಅದು ಇನ್‌ಪುಟ್‌ನ 0.707 ಪಾಲು ಇರುತ್ತೆ.

ಎಲ್3: 0.1 ಮೈಕ್ರೋಫ್ಯಾರಡ್ ಇದೆ, 1 ಕಿಲೋಹರ್ಟ್ಜ್ ಕಟ್‌ಆಫ್ ಬೇಕು, ರೆಸಿಸ್ಟರ್ ಎಷ್ಟು? ಸುಮಾರು 1.59 ಕಿಲೋ ಓಮ್. ಅಂಗಡಿಯಲ್ಲಿ ಅದು ಸುಲಭವಾಗಿ ಸಿಗಲ್ಲ, 1.5 ಅಥವಾ 1.6 ತಗೋಬೇಕು.

ಎಲ್4: 1.5 ಕಿಲೋ ಓಮ್ ಹಾಕಿದೀವಿ, 1061 ಬರಬೇಕಿತ್ತು, 1200 ಬರ್ತಿದೆ. ಯಾಕೆ? ಲೆಕ್ಕವನ್ನ ಹಿಂದುಮುಂದು ಮಾಡಿದ್ರೆ ಕೆಪಾಸಿಟರ್ ನಿಜವಾಗಿ ಸುಮಾರು 0.088 ಮೈಕ್ರೋಫ್ಯಾರಡ್ ಇರಬೇಕು. ಅಂದ್ರೆ ಬರೆದಿರೋದಕ್ಕಿಂತ ಸುಮಾರು ಶೇ. 12 ಕಮ್ಮಿ. ಶೇ. 20 ಟಾಲರೆನ್ಸ್ ಇರೋ ಕೆಪಾಸಿಟರ್ ಆದ್ರೆ ಇದು ತಪ್ಪೇ ಅಲ್ಲ. ಅಂಥ ಕೆಪಾಸಿಟರಿಗೆ ಕಟ್‌ಆಫ್ 884ರಿಂದ 1326 ಹರ್ಟ್ಜ್‌ವರೆಗೆ ಎಲ್ಲಿ ಬೇಕಾದ್ರೂ ಬರಬಹುದು.

ಇಲ್ಲಿ ಒಂದು ಕ್ಷಣ ನಿಲ್ಲಿ. ಕ್ಲಾಸಿನ 60 ರೆಕಾರ್ಡಿನಲ್ಲೂ 1060 ಇದ್ರೆ, ಯಾರೂ ಅಳೆದಿಲ್ಲ ಅಂತ ಆ ನಂಬರೇ ಹೇಳಿಬಿಡುತ್ತೆ. ನನ್ನ ಎದುರಿಗೆ ಕೂತಿದ್ದ ಎಂಜಿನಿಯರ್‌ಗೆ ಗೊತ್ತಾಗಿದ್ದು ಹೀಗೇ.

ಎಲ್5: ಈ ಫಿಲ್ಟರ್ ನಮ್ಮ ಕೆಲಸಕ್ಕೆ ಸಾಕಾ? ಔಟ್‌ಪುಟ್‌ಗೆ 1 ಕಿಲೋ ಓಮ್ ಲೋಡ್ ಹಾಕಿದ್ರೆ, ಪಾಸ್ ಆಗಬೇಕಾದ ಲೋ ಫ್ರೀಕ್ವೆನ್ಸಿ ಸಿಗ್ನಲ್ಲೇ ಶೇ. 40ಕ್ಕೆ ಇಳಿದುಬಿಡುತ್ತೆ, ಕಟ್‌ಆಫ್ ಕೂಡ ಸುಮಾರು 2650 ಹರ್ಟ್ಜ್‌ಗೆ ಜರುಗುತ್ತೆ. ಹಾಗಾದ್ರೆ ಮಧ್ಯೆ ಒಂದು ಆಪ್-ಆಂಪ್ ಬಫರ್ ಹಾಕೋದು ಒಳ್ಳೇದಾ, ಖರ್ಚಿಗೆ ತಕ್ಕ ಲಾಭ ಇದೆಯಾ ಅಂತ ನಿರ್ಧಾರ ಮಾಡೋದು ಈ ಮೆಟ್ಟಿಲು.

ಎಲ್6: ಮೈಕ್ ಸಿಗ್ನಲ್‌ಗೋ ಸೆನ್ಸರಿಗೋ ಬೇಕಾದ ಫಿಲ್ಟರನ್ನ ನೀವೇ ಡಿಸೈನ್ ಮಾಡಿ.

ನೋಡಿ, ಸಿಲಬಸ್ ಬದಲಾಗಿಲ್ಲ. ಎರಡು ಕಾಂಪೊನೆಂಟ್ ಇರೋ ಒಂದೇ ಸರ್ಕ್ಯೂಟ್. ಮೆಟ್ಟಿಲು ಮಾತ್ರ ಬದಲಾಗಿದೆ.

ಎಲ್3 ಹೇಗೆ ಎಲ್1 ಆಗುತ್ತೆ?

ನಮ್ಮ ಪತ್ರಿಕೆಗಳಲ್ಲಿ ಎಲ್3 ಪ್ರಶ್ನೆಗಳು ಬೇಕಾದಷ್ಟು ಇರುತ್ತವೆ. ಹಾಗಿದ್ರೆ ಪಾಸ್ ಆದವರಿಗೆಲ್ಲ ಅನ್ವಯಿಸೋಕೆ ಬರಬೇಕಲ್ವಾ? ಬರಲ್ಲ. ಕಾರಣ ನಾವು ಓದೋ ರೀತಿ. ಹಳೇ ಐದು ಪೇಪರ್ ತಗೊಂಡು ರಿಪೀಟ್ ಆಗೋ ಪ್ರಾಬ್ಲಂ ಗುರುತು ಮಾಡ್ತೀವಿ, ಸ್ಟೆಪ್ಸ್ ಬಾಯಿಪಾಠ ಮಾಡ್ತೀವಿ. ಅದೇ ಪ್ರಾಬ್ಲಂ, ಅದೇ ವ್ಯಾಲ್ಯೂ ಎಕ್ಸಾಮಿನಲ್ಲಿ ಬಂದ್ರೆ ಬರೆದು ಬರ್ತೀವಿ. ಪೇಪರ್ ಮೇಲೆ ಎಲ್3 ಅಂತಿದ್ರೂ ನಮ್ಮ ತಲೆಯಲ್ಲಿ ನಡೆದದ್ದು ಎಲ್1, ಬರೀ ನೆನಪು. ಮೊದಲು ನೋಡಿರದ ಪ್ರಾಬ್ಲಂ ಆದ್ರೆ ಮಾತ್ರ ಎಲ್3 ನಿಜವಾಗ್ಲೂ ಎಲ್3.

ಇಂಟರ್‌ವ್ಯೂನಲ್ಲಿ ವ್ಯಾಲ್ಯೂ ಬದಲಾಗುತ್ತೆ, ಅಷ್ಟೇ. ಅಷ್ಟಕ್ಕೇ ನಾವು ಸಿಕ್ಕಿಬೀಳ್ತೀವಿ. ಆಮೇಲೆ "ಕಾಲೇಜಲ್ಲಿ ಕಲಿಸೋದೇ ಬೇರೆ, ಇಂಡಸ್ಟ್ರಿಗೆ ಬೇಕಾಗಿರೋದೇ ಬೇರೆ" ಅಂತೀವಿ. ಕೆಲವು ಕಡೆ ಅದು ನಿಜ ಇರಬಹುದು. ನನ್ನ ವಿಷಯದಲ್ಲಿ ನಿಜ ಆಗಿರಲಿಲ್ಲ.

ಸಿಒ, ಪಿಒ ಎಲ್ಲಿಂದ ಬಂತು?

ಸಿಒ ಅಂದ್ರೆ ಕೋರ್ಸ್ ಔಟ್‌ಕಮ್. ಈ ಸಬ್ಜೆಕ್ಟ್ ಮುಗಿಸಿದ ಮೇಲೆ ನಿಮಗೆ ಏನು ಮಾಡೋಕೆ ಬರಬೇಕು ಅನ್ನೋ ನಾಲ್ಕೈದು ವಾಕ್ಯಗಳು, ಸಿಲಬಸ್ ಕಾಪಿಯಲ್ಲೇ ಇರುತ್ತವೆ. ಪಿಒ ಅಂದ್ರೆ ಪ್ರೋಗ್ರಾಂ ಔಟ್‌ಕಮ್. ನಾಲ್ಕು ವರ್ಷ ಮುಗಿದಾಗ ಎಂಜಿನಿಯರ್ ಆದವನಿಗೆ ಏನೇನು ಬರಬೇಕು ಅನ್ನೋ ಪಟ್ಟಿ. ಇದನ್ನ ಕೊಡೋದು ಎನ್‌ಬಿಎ, ಅಂದ್ರೆ ರಾಷ್ಟ್ರೀಯ ಮಾನ್ಯತಾ ಮಂಡಳಿ. ಎಐಸಿಟಿಇ ಇದನ್ನ 1994ರಲ್ಲಿ ಶುರು ಮಾಡಿತು. ನ್ಯಾಕ್ ಇಡೀ ಕಾಲೇಜಿಗೆ ಮಾನ್ಯತೆ ಕೊಟ್ರೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ ಬೇರೆ ಬೇರೆಯಾಗಿ ಮಾನ್ಯತೆ ಕೊಡುತ್ತೆ.

ಇದರ ಹಿಂದೆ ವಾಷಿಂಗ್ಟನ್ ಅಕಾರ್ಡ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ ಇದೆ. 1989ರಲ್ಲಿ ಆರು ದೇಶಗಳಿಂದ ಶುರುವಾಯ್ತು. ಒಂದು ದೇಶದ ಎಂಜಿನಿಯರಿಂಗ್ ಡಿಗ್ರಿಯನ್ನ ಇನ್ನೊಂದು ದೇಶ ಸಮಾನ ಅಂತ ಒಪ್ಪಿಕೊಳ್ಳೋದು ಇದರ ಉದ್ದೇಶ. ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯ ಆಯ್ತು. ಎಷ್ಟು ಗಂಟೆ ಪಾಠ ಮಾಡಿದ್ರಿ ಅನ್ನೋದಕ್ಕಿಂತ ವಿದ್ಯಾರ್ಥಿಗೆ ಏನು ಬಂತು ಅಂತ ತೋರಿಸಿ ಅನ್ನೋದು ಇದರ ತಿರುಳು. ಒಂದು ವಿಷಯ ಗೊತ್ತಿರಲಿ: ಎನ್‌ಬಿಎ ಟೈರ್-1 ಮಾನ್ಯತೆ ಇರೋ ಪ್ರೋಗ್ರಾಂಗಳಿಗೆ ಮಾತ್ರ ಈ ಒಪ್ಪಂದದ ಲಾಭ ಸಿಗುತ್ತೆ. ಹೊರದೇಶಕ್ಕೆ ಹೋಗೋ ಪ್ಲಾನ್ ಇರೋರು ತಮ್ಮ ಬ್ರಾಂಚಿಗೆ ಯಾವ ಮಾನ್ಯತೆ ಇದೆ ಅಂತ ವಿಚಾರಿಸಿ.

ಪಿಒಗಳು ಮೊದಲು 12 ಇದ್ದವು, ಹೊಸ ಪಟ್ಟಿಯಲ್ಲಿ 11 ಇವೆ. ಎಂಜಿನಿಯರಿಂಗ್ ಜ್ಞಾನ, ಸಮಸ್ಯೆ ವಿಶ್ಲೇಷಣೆ, ಡಿಸೈನ್ ಇವೆಲ್ಲ ಇದ್ದೇ ಇವೆ. ಅದರ ಜೊತೆಗೆ ನೀತಿ, ಟೀಮ್‌ವರ್ಕ್, ಕಮ್ಯುನಿಕೇಶನ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಜೀವನಪೂರ್ತಿ ಕಲಿಯೋದು ಕೂಡ ಇವೆ. ಎಚ್‌ಆರ್ ರೌಂಡಿನಲ್ಲಿ "ಟೀಮಲ್ಲಿ ಜಗಳ ಆದಾಗ ಏನು ಮಾಡಿದ್ರಿ?" ಅಂತ ಕೇಳ್ತಾರಲ್ಲ, ಅದಕ್ಕೆ ಉತ್ತರ ನಮ್ಮ ಮಿನಿ ಪ್ರಾಜೆಕ್ಟಿನಲ್ಲೇ ಸಿಗಬೇಕಿತ್ತು. ನಾಲ್ಕು ಜನರ ಪ್ರಾಜೆಕ್ಟನ್ನ ಒಬ್ಬನ ತಲೆಗೆ ಕಟ್ಟಿದ್ರೆ ಉಳಿದ ಮೂರು ಜನಕ್ಕೆ ಹೇಳೋಕೆ ಕಥೆ ಎಲ್ಲಿಂದ ಬರಬೇಕು?

ನಾವು ತುಂಬೋ ಸುಳ್ಳು ಲೆಕ್ಕ

ಪ್ರತಿ ಪ್ರಶ್ನೆಗೂ ಸಿಒ ಹಾಕಿರೋದು ಲೆಕ್ಕ ಇಡೋಕೆ. ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಎಕ್ಸಾಮಿನಲ್ಲಿ ಸಿಒ4ರ ಪ್ರಶ್ನೆಗಳಿಗೆ ಎಷ್ಟು ಜನ ಚೆನ್ನಾಗಿ ಬರೆದ್ರು ಅಂತ ಟೀಚರ್ಸ್ ಎಣಿಸ್ತಾರೆ. ಕಮ್ಮಿ ಬಂದ್ರೆ ಮುಂದಿನ ವರ್ಷ ಆ ಭಾಗಕ್ಕೆ ಎಕ್ಸ್‌ಟ್ರಾ ಕ್ಲಾಸ್ ಮಾಡಬೇಕು, ಪಾಠದ ರೀತಿ ಬದಲಾಯಿಸಬೇಕು. ಇದರ ಜೊತೆಗೆ ನಮ್ಮ ಕೈಯಲ್ಲಿ ಕೋರ್ಸ್ ಎಂಡ್ ಸರ್ವೆ ತುಂಬಿಸ್ತಾರೆ.

ಆ ಸರ್ವೆ ನಾವು ಹೇಗೆ ತುಂಬ್ತೀವಿ? ಫೋನಿನಲ್ಲಿ ಲಿಂಕ್ ಬರುತ್ತೆ, ಎಲ್ಲದಕ್ಕೂ ಎಕ್ಸಲೆಂಟ್ ಒತ್ತಿ ಸಬ್ಮಿಟ್. ಒಂದು ನಿಮಿಷ. ನಾಲ್ಕನೇ ಮಾಡ್ಯೂಲ್ ನನಗೆ ತಲೆಬುಡ ಅರ್ಥ ಆಗಿರಲಿಲ್ಲ, ಆದರೂ ಎಕ್ಸಲೆಂಟ್ ಅಂದಿದ್ದೆ. ಅಸೈನ್‌ಮೆಂಟ್ ಕಾಪಿ, ರೆಕಾರ್ಡ್ ಕಾಪಿ, ಸರ್ವೆ ಸುಳ್ಳು. ಇವೆಲ್ಲ ಸೇರಿಸಿ ಕೂಡಿದ್ರೆ ಕಂಪ್ಯೂಟರ್ "ಎಲ್ಲ ಚೆನ್ನಾಗಿದೆ" ಅಂತ ಹೇಳುತ್ತೆ. ಚೆನ್ನಾಗಿದೆ ಅಂದ ಮೇಲೆ ಯಾರು ಯಾಕೆ ಬದಲಾಯಿಸ್ತಾರೆ? ನಮ್ಮ ಜೂನಿಯರ್ಸ್ ಅದೇ ಮಾಡ್ಯೂಲನ್ನ ಅದೇ ರೀತಿ ಕೇಳ್ತಾರೆ.

ತಪ್ಪೆಲ್ಲ ನಮ್ಮದೇ ಅಂತ ನಾನು ಹೇಳ್ತಿಲ್ಲ. ಒಂದೇ ಲ್ಯಾಬ್ ಸ್ಲಾಟಿನಲ್ಲಿ ಅಷ್ಟು ಜನಕ್ಕೆ ಅಷ್ಟೇ ಆಸಿಲೋಸ್ಕೋಪ್ ಇದ್ರೆ ಎಲ್ಲರೂ ಅಳೆಯೋದು ಕಷ್ಟ. ಥಿಯರಿಗೆ ಹತ್ತಿರ ಇರೋ ರೀಡಿಂಗಿಗೇ ಜಾಸ್ತಿ ಮಾರ್ಕ್ಸ್ ಅಂದ್ರೆ ಹುಡುಗರು ಥಿಯರಿಯನ್ನೇ ಬರೀತಾರೆ. "1200 ಯಾಕೆ ಬಂತು, ವಿವರಿಸಿ" ಅನ್ನೋದಕ್ಕೆ ಎರಡು ಮಾರ್ಕ್ಸ್ ಇಟ್ರೆ ಸಾಕು, ಅರ್ಧ ಕಾಪಿ ನಿಲ್ಲುತ್ತೆ ಅನ್ನೋದು ನನ್ನ ನಂಬಿಕೆ. ಇದನ್ನ ನಮ್ಮ ಕ್ಲಾಸ್ ರೆಪ್ ಮೂಲಕ ಟೀಚರ್ ಹತ್ರ ಕೇಳಿಯೂ ಇದ್ದೇವೆ. "ನೋಡೋಣ" ಅಂದಿದ್ದಾರೆ.

ಹಾಗಾದ್ರೆ ನಾವೇನು ಮಾಡಬಹುದು?

ಈ ಸೆಮಿಸ್ಟರ್ ನಾನು ಮಾಡ್ತಿರೋದು ನಾಲ್ಕೇ ಕೆಲಸ. ದುಡ್ಡು ಖರ್ಚಿಲ್ಲ.

ಒಂದು, ಪ್ರತಿ ಪ್ರಾಬ್ಲಂ ಮುಗಿದ ಮೇಲೆ ಒಂದು ವ್ಯಾಲ್ಯೂ ಬದಲಾಯಿಸಿ ಮತ್ತೆ ಮಾಡೋದು. ಸಾಧ್ಯ ಆದ್ರೆ ಉತ್ತರ ಕೊಟ್ಟು ಪ್ರಶ್ನೆ ಹುಡುಕೋದು. ಎಲ್3 ಆಗ ನಿಜವಾಗ್ಲೂ ಎಲ್3 ಆಗುತ್ತೆ.

ಎರಡು, ಲ್ಯಾಬಲ್ಲಿ ಬಂದ ರೀಡಿಂಗನ್ನೇ ಬರೆಯೋದು. ತಪ್ಪು ಬಂದ್ರೆ ಕೆಳಗೆ ಎರಡು ಸಾಲು ಕಾರಣ ಬರೆಯೋದು. ಒಂದು ಸಲ ಮಾರ್ಕ್ಸ್ ಹೋಯ್ತು, ಇನ್ನೊಂದು ಸಲ ವೈವಾದಲ್ಲಿ ಅದರ ಮೇಲೇ ಹತ್ತು ನಿಮಿಷ ಮಾತಾಡಿದೆ.

ಮೂರು, ಅರ್ಥ ಆಗಿದೆಯಾ ಅಂತ ಚೆಕ್ ಮಾಡೋಕೆ ಕನ್ನಡದಲ್ಲಿ ಹೇಳಿ ನೋಡೋದು. ಇಂಗ್ಲಿಷಿನಲ್ಲಿ ನಾನು ಪುಸ್ತಕದ ವಾಕ್ಯವನ್ನೇ ಒಪ್ಪಿಸಿಬಿಡ್ತೀನಿ, ನನಗೇ ಗೊತ್ತಾಗಲ್ಲ. ಆದ್ರೆ ರಿಯಾಕ್ಟೆನ್ಸ್ ಅಂದ್ರೇನು ಅಂತ ಅಮ್ಮನಿಗೆ ಹೇಳೋಕೆ ಹೋದಾಗ ಬಾಯಿಪಾಠ ಕೈಕೊಡುತ್ತೆ. ಎಲ್ಲಿ ತಡವರಿಸಿದೆನೋ ಅಲ್ಲೇ ನನಗೆ ಅರ್ಥ ಆಗಿಲ್ಲ ಅಂತ ಲೆಕ್ಕ. ನಮ್ಮ ಸಂಘದವರು ವಾರಕ್ಕೊಮ್ಮೆ ಇದನ್ನ ಒಟ್ಟಿಗೆ ಮಾಡಿದ್ರೆ ಎಷ್ಟು ಚೆನ್ನ ಅಲ್ವಾ?

ನಾಲ್ಕು, ಸರ್ವೆಯಲ್ಲಿ ನಿಜ ಹೇಳೋದು. ನಾಲ್ಕನೇ ಮಾಡ್ಯೂಲ್ ಅರ್ಥ ಆಗಿಲ್ಲ ಅಂದ್ರೆ ಆಗಿಲ್ಲ ಅಂತಾನೇ ಒತ್ತೋದು.

ಕಳೆದ ವಾರ ಅದೇ ಫಿಲ್ಟರನ್ನ ಮತ್ತೆ ಕಟ್ಟಿದೆ, ಲ್ಯಾಬ್ ಅಸಿಸ್ಟೆಂಟ್ ಅವರನ್ನ ಕೇಳಿಕೊಂಡು ಸಂಜೆ ಅರ್ಧ ಗಂಟೆ. ನಾಬ್ ತಿರುಗಿಸ್ತಾ ಹೋದೆ, ಔಟ್‌ಪುಟ್ 0.707ಕ್ಕೆ ಇಳಿದದ್ದು 980 ಹರ್ಟ್ಜ್‌ನಲ್ಲಿ. ಎಲ್‌ಸಿಆರ್ ಮೀಟರಿನಲ್ಲಿ ಕೆಪಾಸಿಟರ್ ನೋಡಿದ್ರೆ 0.108 ಮೈಕ್ರೋಫ್ಯಾರಡ್ ತೋರಿಸ್ತು. ಲೆಕ್ಕ ಸರಿಹೋಯ್ತು. ಆ ಕಂಪನಿಗೆ ಇನ್ನೊಂದು ಮೇಲ್ ಹಾಕಿದೀನಿ, ರಿಪ್ಲೈ ಇನ್ನೂ ಬಂದಿಲ್ಲ. ಈ ಸಲ ಟಾಲರೆನ್ಸ್ ಎಷ್ಟು ಅಂತ ಕೇಳಿದ್ರೆ ಹೇಳ್ತೀನಿ.