ಗೋಕಾಕದ ಧಬಧಬೆಯೂ ದೂರದ ಕಡಲೂ

ಆಷಾಢದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತವರಿಗೆ, ಘಟಪ್ರಭೆಯು 170 ಅಡಿಗಳ ಕೆಳಗೆ ಧುಮುಕುವ ಆರ್ಭಟದಲ್ಲಿ ಪಕ್ಕದವರ ಮಾತೂ ಕೇಳಿಸದು. ವೈಶಾಖದಲ್ಲಿ ಅದೇ ಬಂಡೆಯು ಬೋಳಾಗಿ ನಿಂತಿರುತ್ತದೆ. ಈ ನೀರು ಸಹ್ಯಾದ್ರಿಯ ನೆತ್ತಿಯಿಂದ ಬಂದುದೆಂದು ವಾಚಕರೆಲ್ಲರೂ ಬಲ್ಲರು. ಆದರೆ ಸಹ್ಯಾದ್ರಿಗೆ ಮೋಡಗಳನ್ನು ತರುವ ಗಾಳಿಯ ಬಲಾಬಲವು ಹತ್ತು ಸಾವಿರ ಮೈಲುಗಳಾಚೆಯ ಪೆರು ದೇಶದ ಕಡಲಿನ ಬಿಸಿಯನ್ನೂ ಅವಲಂಬಿಸಿದೆಯೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು.

1899ರಲ್ಲಿ ಮಳೆ ತಪ್ಪಿ ಘೋರ ಕ್ಷಾಮವಾಯಿತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರರು ಗಣಿತಜ್ಞರು. ಅವರು ನಮ್ಮ ಗುಮಾಸ್ತರಿಂದ ಲೆಕ್ಕ ಮಾಡಿಸಿ ಜಗತ್ತಿನ ವಾಯುಭಾರಗಳನ್ನು ತಾಳೆ ನೋಡಿದರು. ಪೆಸಿಫಿಕ್ ಸಾಗರದಲ್ಲಿ ಭಾರವೇರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುವುದು, ಅಲ್ಲಿ ಇಳಿದಾಗ ಇಲ್ಲಿ ಏರುವುದು ಕಂಡುಬಂದಿತು. ಕಾರಣವು ಮಾತ್ರ ಅವರಿಗೆ ಹೊಳೆಯಲಿಲ್ಲ. ಅದನ್ನು 1969ರಲ್ಲಿ ಬ್ಯರ್ಕ್‌ನೆಸ್ಸರು ಬಿಡಿಸಿ ಹೇಳಿದರು. ಪೆಸಿಫಿಕ್ಕಿನಲ್ಲಿ ಮೂಡಣ ಗಾಳಿಯು ಬಿಸಿನೀರನ್ನು ಇಂಡೊನೇಷ್ಯದ ಕಡೆಗೆ ನೂಕುತ್ತದೆ. ನೀರು ಬಿಸಿಯಾದಲ್ಲಿ ಗಾಳಿ ಮೇಲೇರುವುದರಿಂದ ಮೂಡಣ ಗಾಳಿಗೆ ಇನ್ನಷ್ಟು ಬಲ ಬರುತ್ತದೆ. ಗಾಳಿ ಸೋತರೆ ಬಿಸಿನೀರು ಪೆರುವಿನತ್ತ ಸರಿದು ಮಳೆಯನ್ನೂ ಸೆಳೆದೊಯ್ಯುತ್ತದೆ. ಕಡಲು ಗಾಳಿಯನ್ನು ಆಳುವುದು, ಗಾಳಿ ಕಡಲನ್ನು ಆಳುವುದು! ಅಲ್ಲಿಯ ಬೆಸ್ತರು ಇದನ್ನು ಎಲ್ ನಿನ್ಯೊ ಎಂದು ಕರೆದರು.

ಹಾಗಾದರೆ ಎಲ್ ನಿನ್ಯೊ ಬಂದರೆ ಬರಗಾಲವು ನಿಶ್ಚಯವೇ? ಹಾಗಿಲ್ಲ. 1997ರಲ್ಲಿ ಅದು ಪ್ರಚಂಡವಾಗಿ ಬಂದರೂ ದೇಶದ ಮಳೆ ವಾಡಿಕೆಗೆ ಕಡಿಮೆಯಾಗಲಿಲ್ಲ. 2002ರಲ್ಲಿ ಅಷ್ಟು ಪ್ರಬಲವಲ್ಲದಿದ್ದರೂ ಬರ ಬಿದ್ದಿತು. ಈ ಒಗಟಿಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡಗೀಳರು ಪ್ರಮುಖರು. ಕಡಲಿನ ಮೈ ಸುಮಾರು 28 ಡಿಗ್ರಿಗಿಂತ ಬೆಚ್ಚಗಾಗದೆ ದಟ್ಟ ಮೋಡಗಳು ಏಳುವುದು ವಿರಳವೆಂದು ಅವರೂ ಸಂಗಡಿಗರೂ 1984ರಲ್ಲಿಯೇ ತೋರಿಸಿದ್ದರು. ಪೆಸಿಫಿಕ್ಕಿನಷ್ಟೇ ನಮ್ಮ ಹಿಂದೂ ಮಹಾಸಾಗರದ ಪಡುವಣ-ಮೂಡಣ ಭಾಗಗಳ ಏರುಪೇರನ್ನೂ ನೋಡಬೇಕೆಂದು 2004ರಲ್ಲಿ ಪ್ರತಿಪಾದಿಸಿದರು.

2019ರಲ್ಲಿ ಈ ಪಡುವಣ ಭಾಗವು ಅತಿಯಾಗಿ ಬೆಚ್ಚಗಾಗಿತ್ತು. ಆ ಜೂನಿನಲ್ಲಿ ದೇಶಕ್ಕೆ ವಾಡಿಕೆಯ ಮೂರರಲ್ಲಿ ಎರಡು ಪಾಲು ಮಳೆ ಮಾತ್ರ. ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯ ನದಿಯೂ ಉಕ್ಕಿ ಗೋಕಾಕದ ಮನೆಗಳೊಳಗೆ ನುಗ್ಗಿದವು. ಅದಾಗಿ ನಾಲ್ಕೇ ವರ್ಷಕ್ಕೆ, 2023ರಲ್ಲಿ, ಎಲ್ ನಿನ್ಯೊ ಬಂದು ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು.

ದೇಶದ ಸರಾಸರಿ ಮಳೆ ಇಷ್ಟೆಂಬ ಮುನ್ಸೂಚನೆಯಿಂದ ಮೂಡಲಗಿಯ ಒಕ್ಕಲಿಗನು ತನ್ನ ಬಿತ್ತನೆಯ ದಿನವನ್ನು ಗೊತ್ತುಮಾಡಲಾರನು. ಸಾಲ ತಂದು ಬೀಜ ಹಾಕುವವನಿಗೆ ಬೇಕಾದುದು ತನ್ನ ತಾಲೂಕಿನಲ್ಲಿ ಮುಂದಿನ ಹದಿನೈದು ದಿನ ಮಳೆಯೋ ಬಿಸಿಲೋ ಎಂಬ ಮಾತು. ಆ ಮಾತಿಗೆ ಆಧಾರವು ಕಡಲಿನಲ್ಲಿ ತೇಲಿಬಿಟ್ಟ ಉಷ್ಣಮಾಪಕ ಯಂತ್ರಗಳು. ಅವುಗಳ ದುರಸ್ತಿಗೆ ಹಣವನ್ನು ಹಿಡಿತವಿಲ್ಲದೆ ಕೊಡಬೇಕು. ದೊರೆತ ಸುದ್ದಿಯನ್ನು ರೋಹಿಣಿ ಮಳೆಗೆ ಮುಂಚೆಯೇ ಕನ್ನಡದಲ್ಲಿ ಹಳ್ಳಿಯ ಚಾವಡಿಗೆ ಮುಟ್ಟಿಸಬೇಕು.